ಮುಚ್ಚಬಾರದ ಬೋರ್ಡು

ಬೆಳ್ಮಣ್ ಪೇಟೆ ದಾಟಿ ಕಾರ್ಕಳದ ಕಡೆಗೆ ಹೊರಟರೆ ಮೊದಲ ಇಳಿಜಾರು ಮುಗಿಯುವಲ್ಲಿ, ರಸ್ತೆಗೆ ತಾಗಿಕೊಂಡೇ ಝೀಟಾ ಮಿನೇಜಸ್ ಅವರ ಮನೆ ಇತ್ತು. ಜಗಲಿಯ ಒಂದು ಬದಿಯಲ್ಲಿ ಗಂಡ ಮ್ಯಾಕ್ಸಿಮ್‌ನ ಹೊಲಿಗೆ ಮಿಶನ್ನು, ಇನ್ನೊಂದು ಬದಿಯಲ್ಲಿ ಹಲಸಿನ ಮರದ ಬೆಂಚು. ಆ ಬೆಂಚಿನಲ್ಲಿ ಕೂತವರು ಬಟ್ಟೆ ಹೊಲಿಸಲು ಬಂದವರಲ್ಲ ಎಂದು ದಾರಿಹೋಕರಿಗೂ ಗೊತ್ತಾಗುತ್ತಿತ್ತು. ಒಳಗೆ ಹೆಂಡತಿಯನ್ನೋ ಮಗಳನ್ನೋ ಬಿಟ್ಟು, ಕೈಯಲ್ಲಿ ಬೀಡಿ ಇದ್ದರೂ ಹಚ್ಚಲು ಮರೆತು ಕೂತ ಗಂಡಸರು ಅವರು.

ಝೀಟಾಬಾಯಿ ಹೆರಿಗೆ ಮಾಡಿಸುತ್ತಿದ್ದರು. ಮದುವೆಗೆ ಮುಂಚೆ ಮಂಗಳೂರಿನ ಒಂದು ಮಿಶನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಸಿಸ್ಟರುಗಳ ಪಕ್ಕದಲ್ಲಿ ನಿಂತು ಕಲಿತ ಕೆಲಸ. ಸರ್ಟಿಫಿಕೇಟು ಇರಲಿಲ್ಲ. ಬೆಳ್ಮಣ್ಣಿಗೆ ಸೊಸೆಯಾಗಿ ಬಂದ ಮೇಲೆ ನೆರೆಮನೆಯವರೊಬ್ಬರು ಕರೆದರು, ಹೋದರು. ಆಮೇಲೆ ಬೋಳ, ನಂದಳಿಕೆ, ಕೆದಿಂಜೆಯ ತನಕ ಜನ ಕರೆಯತೊಡಗಿದರು. ಕೈ ಚುರುಕು ಎಂಬುದೊಂದು ಕಾರಣ. ಇನ್ನೊಂದು ಕಾರಣವನ್ನು ಊರಿನ ಹೆಂಗಸರು ಇನ್ನೂ ಗೌರವದಿಂದ ಹೇಳುತ್ತಿದ್ದರು. ತನ್ನಿಂದ ಆಗದ್ದನ್ನು ಝೀಟಾಬಾಯಿ ಮೊದಲೇ ಹೇಳಿಬಿಡುತ್ತಿದ್ದರು. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಇದು ನನ್ನ ಕೈಯದ್ದಲ್ಲ, ಈಗಲೇ ಆಸ್ಪತ್ರೆಗೆ ಹೊರಡಿ" ಎಂದರೆ ಮತ್ತೆ ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ತಾವೇ ರಸ್ತೆಗೆ ಇಳಿದು ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹಾಗೆ ಹೋದವರು ಮಗು ಎತ್ತಿಕೊಂಡು ಅದೇ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಿಂದ ಕೈ ಬೀಸುವುದಿತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದ ಆ ದಿನಗಳಲ್ಲಿ ಹಳ್ಳಿಗಳಿಗೆ ಹೊಸ ಹೊಸ ಯೋಜನೆಗಳು ಬರುತ್ತಿದ್ದವು. ಅದರಲ್ಲಿ ರಾಷ್ಟ್ರ ಸೇವಾ ನಿಧಿ ಎಂಬುದೊಂದು. ಊರಿನ ಉಪಕಾರಕ್ಕೆ ದುಡಿಯುವವರಿಗೆ ಸಹಾಯಧನ ಕೊಡುವ ನಿಧಿ. ಇಗರ್ಜಿಯ ಪಾದ್ರಿಗಳು ಝೀಟಾಬಾಯಿಯ ಹೆಸರು ಬರೆದು ಕಳಿಸಿದರು, ಜಾಮೀನಿಗೆ ತಾವೇ ಸಹಿ ಹಾಕಿದರು. ಝೀಟಾಬಾಯಿಗೆ ಇದು ಬೇಕೆಂದೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಆದರೆ ಒಂದು ದಿನ ಜೀಪು ಬಂದು ನಿಂತು, ಅದರಿಂದ ಕಬ್ಬಿಣದ ಮಂಚ, ಎನಾಮೆಲ್ ಬೇಸಿನುಗಳು, ಬೀಗ ಹಾಕುವ ಔಷಧಿಪೆಟ್ಟಿಗೆ ಇಳಿದಾಗ ಅವರಿಗೆ ಕಣ್ಣು ತುಂಬಿ ಬಂತು. ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ, ಬೆಳ್ಮಣ್ಣಿನ ಪೋಸ್ಟಾಫೀಸಿನಿಂದ ಟೆಲಿಫೋನು ಮಾಡಿಸಿದರೆ ಜೀಪು ಬರುತ್ತದೆ ಎಂದು ನಿಧಿಯ ಉಡುಪಿ ಆಫೀಸಿನ ಇನ್‌ಸ್ಪೆಕ್ಟರು ಹೇಳಿದರು. ಕರುಣಾಕರ ಹೆಗ್ಡೆ ಎಂದು ಅವರ ಹೆಸರು. ಹಿರಿಯಡ್ಕದ ಕಡೆಯವರು, ಇನ್ನೂ ಎಳೆಯ ಪ್ರಾಯ, ಮಾತು ಮೆತ್ತಗೆ.

ಜೀಪಿನಿಂದ ಕೊನೆಗೆ ಇಳಿದದ್ದು ಬೋರ್ಡು. ತಗಡಿನದ್ದು, ಇಬ್ಬರು ಹಿಡಿಯಬೇಕಾದಷ್ಟು ದೊಡ್ಡದು. ನೀಲಿ ಬಣ್ಣದ ಮೇಲೆ ನಿಧಿಯ ಲಾಂಛನ, ಅಂದರೆ ಉರಿಯುವ ದೀಪ ಹಿಡಿದ ಒಂದು ಕೈ. ಕೆಳಗೆ ಬಿಳಿ ಅಕ್ಷರದಲ್ಲಿ, 'ರಾಷ್ಟ್ರ ಸೇವಾ ನಿಧಿಯ ನೆರವು ಪಡೆದ ಹೆರಿಗೆಮನೆ. ವೈದ್ಯರ ಭೇಟಿ, ಔಷಧ, ವಾಹನ ಉಚಿತ.'

"ಇದಕ್ಕೆ ಕೆಲವು ನಿಯಮಗಳುಂಟು" ಎಂದರು ಹೆಗ್ಡೆಯವರು, ಸ್ವಲ್ಪ ಸಂಕೋಚದಿಂದಲೇ. "ರಸ್ತೆಗೆ ಕಾಣುವ ಗೋಡೆಯಲ್ಲೇ ಇರಬೇಕು. ಲಾಂಛನಕ್ಕಿಂತ ಮೇಲೆ ಬೇರೆ ಏನೂ ಇರಬಾರದು. ಅದೇ ಗೋಡೆಯಲ್ಲಿ ಬೇರೆ ಬರಹವೂ ಇರಬಾರದು."

ಗೋಡೆಯಲ್ಲಿ 'ಮ್ಯಾಕ್ಸಿಮ್ ಟೈಲರ್' ಎಂಬ ಹಲಗೆ ಇತ್ತು. ಬಾಗಿಲಿನ ನೆತ್ತಿಯ ಮೇಲೆ ಮರದ ಶಿಲುಬೆ ಇತ್ತು. ಮ್ಯಾಕ್ಸಿಮ್ ಏಣಿ ಇಟ್ಟು ಎರಡನ್ನೂ ಕೆಳಗಿಳಿಸಿದ. ಶಿಲುಬೆಯನ್ನು ಒಳಗೆ ದೇವರ ಆಲ್ತಾರಿನ ಪಕ್ಕ ಮೊಳೆ ಹೊಡೆದು ತೂಗಿಸಿ, ತನ್ನ ಹಲಗೆಯನ್ನು ಅಟ್ಟಕ್ಕೆ ಹಾಕಿದ.

"ಇವಳ ಹೆಸರು ಎಲ್ಲಿಯಾದರೂ ಉಂಟಾ ಸ್ವಾಮಿ?" ಎಂದು ಬೋರ್ಡನ್ನು ನೋಡುತ್ತ ಕೇಳಿದ.

"ಸಹಾಯ ಪಡೆದವರ ಹೆಸರು ಹಾಕುವ ಕ್ರಮ ಇಲ್ಲ."

"ಹೆಸರು ಯಾಕೆ, ನನ್ನನ್ನು ಯಾರು ಹುಡುಕಿಕೊಂಡು ಬರಬೇಕು" ಎಂದು ಝೀಟಾಬಾಯಿ ನಕ್ಕರು.

ಎರಡು ವರ್ಷ ಎಲ್ಲವೂ ಹೇಳಿದ ಹಾಗೆ ನಡೆಯಿತು. ಡಾಕ್ಟರು ಬರುತ್ತಿದ್ದರು. ಕಷ್ಟದ ಹೆರಿಗೆ ಎಂದು ಕಂಡರೆ ಮ್ಯಾಕ್ಸಿಮ್ ಸೈಕಲ್ಲಿನಲ್ಲಿ ಪೋಸ್ಟಾಫೀಸಿಗೆ ಓಡುತ್ತಿದ್ದ, ಜೀಪು ಬರುತ್ತಿತ್ತು. ನೆರೆಯ ಅಕ್ಕು ನೀರು ಕಾಯಿಸಲಿಕ್ಕೂ ಬಟ್ಟೆ ಒಗೆಯಲಿಕ್ಕೂ ಬರತೊಡಗಿದಳು. ನಿಧಿಯವರು ದೀಪದ ಕೈಯ ಚಿತ್ರವನ್ನು ಎಲ್ಲೆಲ್ಲಿಯೂ ಬಿಡಿಸಿದ್ದರು. ಸೇತುವೆಯ ಕಟ್ಟೆಯಲ್ಲಿ, ಶಾಲೆಯ ಗೋಡೆಯಲ್ಲಿ, ಕಾಪುವಿನ ಟೂರಿಂಗ್ ಟಾಕೀಸಿನ ಪರದೆಯ ಮೇಲೂ ಆಟಕ್ಕೆ ಮುಂಚೆ ಅದು ಬರುತ್ತಿತ್ತು. ಅಕ್ಷರ ಬಾರದವರಿಗೂ ಆ ಕೈ ಕಂಡರೆ ಸರಕಾರದ್ದು, ಧರ್ಮಕ್ಕೆ ಸಿಗುವಂಥದ್ದು ಎಂದು ಗೊತ್ತಾಗಬೇಕು ಎಂಬುದೇ ಅದರ ಉದ್ದೇಶ. ಗೊತ್ತಾಗಿಯೂ ಬಿಟ್ಟಿತು. ಝೀಟಾಬಾಯಿಯ ಮುಖ ನೋಡಿಲ್ಲದವರೂ 'ದೀಪದ ಮನೆ' ಎಂದು ಕೇಳಿಕೊಂಡು ಬರತೊಡಗಿದರು.

ಆಮೇಲೆ ರಾಜ್ಯಗಳ ಗಡಿ ಬದಲಾಯಿತು. ಮದರಾಸಿಗೆ ಸೇರಿದ್ದ ಜಿಲ್ಲೆ ಮೈಸೂರಿಗೆ ಬಂತು. ಬೆಳ್ಮಣ್ಣಿನಲ್ಲಿ ಸಂತೋಷಪಟ್ಟವರಿದ್ದರು, ಸಿಹಿ ಹಂಚಿದವರಿದ್ದರು. ನಿಧಿಯ ಕಡತಗಳೆಲ್ಲ ಮದರಾಸಿನಲ್ಲಿದ್ದವು. ಆ ತಿಂಗಳು ಡಾಕ್ಟರು ಬರಲಿಲ್ಲ. ಹೊಸ ವ್ಯವಸ್ಥೆ ಆಗುವ ತನಕ ಹೀಗೆಯೇ ಇರಬಹುದು ಎಂದುಕೊಂಡರು. ಔಷಧಿಪೆಟ್ಟಿಗೆ ಬರಿದಾಯಿತು. ಪೋಸ್ಟಾಫೀಸಿನಿಂದ ಟೆಲಿಫೋನು ಮಾಡಿಸಿದರೆ, ಜೀಪು ಮಂಗಳೂರಿಗೆ ಹೋಗಿದೆ, ಇನ್ನು ಇಲ್ಲಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ನಿಂತಿತು ಎಂದು ಯಾರೂ ಹೇಳಲಿಲ್ಲ. ಸುಮ್ಮನೆ ನಿಂತಿತ್ತು.

ಜನ ಮಾತ್ರ ಬರುತ್ತಲೇ ಇದ್ದರು. ಮೊದಲಾದರೆ ಝೀಟಾಬಾಯಿ ಹೊಟ್ಟೆ ಮುಟ್ಟಿ ನೋಡಿ "ಆಸ್ಪತ್ರೆಗೆ ಹೋಗಿ" ಎಂದರೆ ಹೋಗುತ್ತಿದ್ದರು. ಈಗ ವಾದಿಸತೊಡಗಿದರು. "ಇದೇ ಅಲ್ವಾ ಬಾಯಮ್ಮ ಆಸ್ಪತ್ರೆ? ಜೀಪು ತರಿಸಿ." ಜೀಪಿಲ್ಲ ಎಂದರೆ ನಂಬುತ್ತಿರಲಿಲ್ಲ. ದೊಡ್ಡವರಿಗಾದರೆ ಉಂಟು, ನಮಗೆ ಇಲ್ಲ ಎಂದು ಗೊಣಗುತ್ತ ಎದ್ದು ಹೋದವರೂ ಇದ್ದರು. ಆ ಮಾತು ಝೀಟಾಬಾಯಿಗೆ ತುಂಬಾ ಚುಚ್ಚಿತು. ಮ್ಯಾಕ್ಸಿಮ್ ಅದನ್ನು ನೋಡಿದ. ದಪ್ಪ ಖಾಕಿ ಬಟ್ಟೆ ತಂದು, ದಿಂಬಿನ ಗವಸಿನ ಹಾಗೆ ಒಂದು ಚೀಲ ಹೊಲಿದು, ಏಣಿ ಹತ್ತಿ ಬೋರ್ಡಿಗೆ ತೊಡಿಸಿ ಕೆಳಗೆ ಲಾಡಿ ಕಟ್ಟಿದ.

"ಕೀಳಲಿಲ್ಲ, ಮುಚ್ಚಿದ್ದೇನೆ ಅಷ್ಟೆ" ಎಂದ. "ಜೀಪು ಬಂದ ದಿನ ಬಿಚ್ಚಿದರಾಯಿತು."

ಬೇಸಗೆ ಹಾಗೆಯೇ ಕಳೆಯಿತು. ಬೆಂಚಿನಲ್ಲಿ ಮತ್ತೆ ಹಳೆಯ ಜನ, ಝೀಟಾಬಾಯಿಯನ್ನೇ ಹುಡುಕಿಕೊಂಡು ಬಂದವರು, ಕಾಣತೊಡಗಿದರು. ಮಳೆ ಹಿಡಿಯುವ ಮುಂಚೆ ಒಂದು ದಿನ ಕರುಣಾಕರ ಹೆಗ್ಡೆಯವರು ಬಸ್ಸಿನಿಂದ ಇಳಿದರು. ಅವರಿಗೂ ಜೀಪು ಇರಲಿಲ್ಲ. ಅಂಗಳದಲ್ಲಿ ನಿಂತು ಖಾಕಿ ಚೀಲವನ್ನು ನೋಡಿದರು.

"ಇದನ್ನು ಯಾರು ಹಾಕಿದ್ದು?"

"ನಾನು" ಎಂದ ಮ್ಯಾಕ್ಸಿಮ್.

"ಹೀಗೆ ಮುಚ್ಚುವ ಹಾಗಿಲ್ಲ. ನಿಯಮದಲ್ಲಿ ಲಾಂಛನವನ್ನು ಮುಚ್ಚುವುದೂ ಕೀಳುವುದೂ ಒಂದೇ. ದೂರು ಬಂದಿದೆ, ಅದಕ್ಕೇ ಬಂದೆ."

ಝೀಟಾಬಾಯಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಡಾಕ್ಟರು ಬರುವುದಿಲ್ಲ, ಔಷಧಿ ಇಲ್ಲ, ಜೀಪಿಲ್ಲ. ಮತ್ತೆ ಆ ಬೋರ್ಡು ಎಂತಕ್ಕೆ ಸ್ವಾಮಿ?"

"ಬಾಯಿ, ಅದು ಈಗ ಉಂಟು ಎಂದು ಹೇಳುವ ಬೋರ್ಡಲ್ಲ. ನಿಧಿ ನೆರವು ಕೊಟ್ಟಿದೆ ಎಂದು ಹೇಳುವ ಬೋರ್ಡು. ಕೊಟ್ಟದ್ದು ಹೌದಲ್ವಾ? ಹಾಗಾಗಿ ಹತ್ತು ವರ್ಷ ಅದು ಅಲ್ಲಿ ಇರಬೇಕು."

"ನೋಡುವವರಿಗೆ ಹಾಗೆ ಕಾಣುವುದಿಲ್ಲ."

"ನನಗೆ ಗೊತ್ತು." ಹೆಗ್ಡೆಯವರು ಬೆಂಚಿನಲ್ಲಿ ಕೂತರು. ಅಕ್ಕು ಕೊಟ್ಟ ನೀರು ಕುಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ನಾನು ಬರೆಯುತ್ತೇನೆ. ಆದರೆ ಕಡತ ಮದರಾಸಿನಿಂದ ಬೆಂಗಳೂರಿಗೆ ಹೋಗಿದೆಯೋ, ದಾರಿಯಲ್ಲಿ ಉಂಟೋ, ಯಾರಿಗೂ ತಿಳಿಯದು. ಅಲ್ಲಿಯವರೆಗೆ ನೀವು ಇದನ್ನು ಬಿಚ್ಚಲೇಬೇಕು. ಕೇಸು ಹಾಕಿದರೆ ಮೊದಲು ಕೇಳುವುದು ನಿಮ್ಮ ಸರ್ಟಿಫಿಕೇಟನ್ನು. ಜಾಮೀನು ಹಾಕಿದ ಪಾದ್ರಿಗಳನ್ನೂ ಕರೆಸುತ್ತಾರೆ. ಹೆದರಿಸುವುದಲ್ಲ, ಆಗುವುದನ್ನು ಹೇಳುತ್ತಿದ್ದೇನೆ."

ಪಾದ್ರಿಗಳ ಹೆಸರು ಬಂದ ಮೇಲೆ ಝೀಟಾಬಾಯಿ ವಾದ ಬಿಟ್ಟರು. ಪಾದ್ರಿಗಳಿಗೆ ಆಗಲೇ ಪ್ರಾಯವಾಗಿತ್ತು, ಕಣ್ಣು ಮಂಜಾಗಿತ್ತು. ಅವರನ್ನು ಆಫೀಸಿನಿಂದ ಆಫೀಸಿಗೆ ಅಲೆಸುವುದೆಂದರೆ ನೆನೆಸಲಿಕ್ಕೂ ಆಗದು. ಮ್ಯಾಕ್ಸಿಮ್ ಹೆಂಡತಿಯ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಏಣಿ ತಂದು ಲಾಡಿ ಬಿಚ್ಚಿದ. ಮುಚ್ಚಿಟ್ಟದ್ದರಿಂದ ಬಣ್ಣ ಮಾಸದೆ, ದೀಪ ಹಿಡಿದ ಕೈ ಮೊದಲಿಗಿಂತಲೂ ಹೊಸತಾಗಿ ಕಂಡಿತು.

ಗುಣವತಿಯನ್ನು ಕರೆದುಕೊಂಡು ಶೀನ ಬಂದದ್ದು ಆ ವರ್ಷವೇ, ಕೊಯ್ಲಿನ ದಿನಗಳಲ್ಲಿ. ಮುಂಡ್ಕೂರಿನ ಕಡೆಯ ಗೇಣಿ ಒಕ್ಕಲು ಅವನು. ಹೆಂಡತಿಗೆ ದಿನ ತುಂಬುವ ಮೊದಲೇ ರಕ್ತ ಕಾಣಿಸಿಕೊಂಡಿತ್ತು, ನೋವಿಲ್ಲ. ಊರಿನ ಮುದುಕಿಯೊಬ್ಬರು ನೋಡಿ, ಕಾರ್ಕಳದ ಆಸ್ಪತ್ರೆಗೆ ಹೋಗು ಎಂದಿದ್ದರು. ಅವನು ಎತ್ತಿನ ಗಾಡಿಯಲ್ಲಿ ಹುಲ್ಲು, ಅದರ ಮೇಲೆ ಚಾಪೆ ಹಾಸಿ ಮಲಗಿಸಿ ಬೆಳಿಗ್ಗೆಯೇ ಹೊರಟಿದ್ದ. ರಸ್ತೆಗೆ ಬಂದು, ಬೆಳ್ಮಣ್ಣಿನಿಂದ ಬರುವ ಬಸ್ಸಿಗಾಗಿ ಕಾಯುತ್ತ ನಿಂತ ಜಾಗ ಝೀಟಾಬಾಯಿಯ ಮನೆಯ ಎದುರು.

ಝೀಟಾಬಾಯಿ ಮನೆಯಲ್ಲಿರಲಿಲ್ಲ. ನಂದಳಿಕೆಯ ಒಂದು ಮನೆಯಲ್ಲಿ ಬಾಣಂತಿಗೆ ಜ್ವರ ಎಂದು ಹೋಗಿದ್ದರು. ಮ್ಯಾಕ್ಸಿಮ್ ನೂಲು ತರಲು ಪೇಟೆಗೆ ಹೋಗಿದ್ದ. ಅಕ್ಕು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಶೀನ ಬೋರ್ಡನ್ನು ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ, ಆದರೆ ಆ ದೀಪವನ್ನು ಕಂಡಿದ್ದ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರನ್ನು ನಿಲ್ಲಿಸಿ ಓದಿಸಿದ. ಹೆರಿಗೆಮನೆ, ವೈದ್ಯರು, ಔಷಧ, ವಾಹನ, ಎಲ್ಲವೂ ಉಚಿತ. ಬಸ್ಸು ಬಂತು. ಕಂಡಕ್ಟರು ಕೆಳಗಿಳಿದು, ಹತ್ತಿಸುವುದಾ ಎಂದು ಕೇಳಿದ. ಗುಣವತಿಯನ್ನು ಆ ಕುಲುಕಾಟದಲ್ಲಿ ಕಾರ್ಕಳದ ತನಕ ಯಾಕೆ ಸಾಗಿಸಬೇಕು, ಇಲ್ಲಿಯೇ ಉಂಟಲ್ಲ ಎಂದು ಶೀನ ಬೇಡ ಎಂದ. ಬಸ್ಸು ಹೋಯಿತು. ಹೆಂಡತಿಯನ್ನು ಎತ್ತಿಕೊಂಡು ಜಗಲಿಗೆ ತಂದು ಬೆಂಚಿನ ಮೇಲೆ ಮಲಗಿಸಿ, ಬಾಡಿಗೆಯ ಗಾಡಿಯನ್ನೂ ಕಳಿಸಿಬಿಟ್ಟ.

ಬಾಯಮ್ಮ ಈಗ ಬರುತ್ತಾರೆ ಎಂದು ಹಿತ್ತಲಿನಿಂದ ಬಂದ ಅಕ್ಕು ಹೇಳಿದ್ದು ನಿಜವೇ ಆಗಿತ್ತು. ಸ್ವಲ್ಪ ಹೊತ್ತಿನಲ್ಲೇ ಝೀಟಾಬಾಯಿ ಬಂದರು. ಅಂಗಳಕ್ಕೆ ಕಾಲಿಡುವಾಗಲೇ ಬೆಂಚಿನ ಕೆಳಗೆ ಸೆಗಣಿ ಸಾರಿಸಿದ ನೆಲದಲ್ಲಿ ರಕ್ತವನ್ನು ನೋಡಿದರು. ಛತ್ರಿಯನ್ನು ಅಲ್ಲಿಯೇ ಬಿಟ್ಟು ಓಡಿ ಬಂದು ಗುಣವತಿಯ ಕೈ ಹಿಡಿದರು. ಹೊಟ್ಟೆ ಮುಟ್ಟಿ ನೋಡಿದರು. ಅದು ಕೈ ಹಾಕಲೇಬಾರದ ಹೆರಿಗೆ ಎಂದು ಸಿಸ್ಟರುಗಳು ಅವರಿಗೆ ಹೇಳಿಕೊಟ್ಟಿದ್ದರು.

"ಇದು ನನ್ನ ಕೈಯದ್ದಲ್ಲ" ಎಂದರು. "ಬಸ್ಸು ಬರಲಿಲ್ವಾ?"

"ಬಂದಿತ್ತು ಬಾಯಮ್ಮ. ನಾನೇ ಬೇಡ ಎಂದೆ" ಎಂದ ಶೀನ. "ಇಲ್ಲಿ ಉಂಟಲ್ಲ."

ಝೀಟಾಬಾಯಿ ಕೂಡಲೇ ಎದ್ದರು. ಅಕ್ಕುವನ್ನು ಪೇಟೆಗೆ ಓಡಿಸಿದರು, ಯಾರದ್ದಾದರೂ ಕಾರು ಉಂಟಾ ನೋಡು ಎಂದು. ತಾವು ರಸ್ತೆಯ ನಡುವೆ ನಿಂತರು. ಆ ಕಾಲದಲ್ಲಿ ಆ ರಸ್ತೆಯಲ್ಲಿ ವಾಹನಗಳೆಷ್ಟು? ಸೈಕಲ್ಲುಗಳು ಹೋದವು, ಹುಲ್ಲು ಹೊತ್ತ ಹೆಂಗಸರು ಹೋದರು. ಒಳಗೆ ಬಂದು ನೋಡುವುದು, ಮತ್ತೆ ರಸ್ತೆಗೆ ಓಡುವುದು. ಗುಣವತಿಯ ತುಟಿ ಬಿಳಿಚುತ್ತಿತ್ತು. ಕಾಲ ಕಡೆಯನ್ನು ಎತ್ತರ ಮಾಡಿ, ಒಣಬಟ್ಟೆ ಬದಲಿಸುವುದು ಬಿಟ್ಟರೆ ಝೀಟಾಬಾಯಿ ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಔಷಧಿಪೆಟ್ಟಿಗೆಯಲ್ಲಿ ಖಾಲಿ ಶೀಸೆಗಳಿದ್ದವು. ಆದರೂ ಒಮ್ಮೆ ಬೀಗ ತೆಗೆದು ನೋಡಿದರು.

ಕೊನೆಗೆ ಸೌದೆ ಹೇರಿಕೊಂಡು ಕಾರ್ಕಳಕ್ಕೆ ಹೊರಟಿದ್ದ ಒಂದು ಲಾರಿ ಸಿಕ್ಕಿತು. ಡ್ರೈವರು ಒಳ್ಳೆಯವನು, ಮಾತಿಲ್ಲದೆ ಕ್ಲೀನರನ್ನು ಹಿಂದಕ್ಕೆ ಹತ್ತಿಸಿ ಮುಂದಿನ ಸೀಟನ್ನು ಬಿಟ್ಟುಕೊಟ್ಟ. ಝೀಟಾಬಾಯಿ ಗುಣವತಿಯನ್ನು ಮಡಿಲಲ್ಲಿ ಮಲಗಿಸಿಕೊಂಡರು. ಶೀನ ಬಾಗಿಲ ಮೆಟ್ಟಿಲ ಮೇಲೆ ನಿಂತು ಕಂಬಿ ಹಿಡಿದ. ಕೆದಿಂಜೆ ದಾಟಿದ ಮೇಲೆ ಗುಣವತಿ ಕಣ್ಣು ತೆರೆದು, "ಬಾಯಮ್ಮ, ಜೀಪು ಬರ್ತದಂತೆ ಅಲ್ವಾ?" ಎಂದಳು.

"ಬರ್ತದೆ ಮಗಾ" ಎಂದರು ಝೀಟಾಬಾಯಿ.

ನಿಟ್ಟೆಯ ಹತ್ತಿರ ಅವಳ ಕೈ ತಣ್ಣಗಾದದ್ದು ಅವರಿಗೆ ತಿಳಿಯಿತು. ಶೀನನಿಗೆ ಹೇಳಲಿಲ್ಲ. ಡ್ರೈವರಿಗೂ ಹೇಳಲಿಲ್ಲ. ಆಸ್ಪತ್ರೆಯ ಬಾಗಿಲಿನ ತನಕ ಲಾರಿ ಅಷ್ಟೇ ವೇಗದಲ್ಲಿ ಹೋಗಲಿ ಎಂದು ಬಿಟ್ಟರು. ಅಲ್ಲಿಯ ಡಾಕ್ಟರು ನೋಡಿ, ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದರು. ಸ್ವಲ್ಪ ಬೇಗ ತರಬಹುದಿತ್ತಲ್ಲ ಎಂದು ಕೇಳಿದರು. ಅದು ಎಲ್ಲ ಡಾಕ್ಟರುಗಳೂ ಕೇಳುವ ಮಾತು.

ಕೆಲವು ವಾರಗಳ ನಂತರ ಶೀನ ಬಂದ. ಅವನ ಚಾಪೆ, ಹೆಂಡತಿಯ ಒಂದು ಸೀರೆ ಅಲ್ಲಿ ಉಳಿದಿದ್ದವು. ಅಕ್ಕು ಒಗೆದು ಮಡಚಿ ಇಟ್ಟಿದ್ದಳು. ಅವನು ಅವನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದ ಕಟ್ಟೆಯ ಮೇಲೆ ಕೂತ, ಜಗಲಿಗೆ ಬರಲಿಲ್ಲ.

"ಒಂದು ಕೇಳಬೇಕಿತ್ತು ಬಾಯಮ್ಮ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಎಂತದೂ ಇಲ್ಲ ಎಂದಾದರೆ ಆ ಬೋರ್ಡು ಯಾಕೆ ಹಾಕಿಕೊಂಡಿದ್ದೀರಿ?"

ಝೀಟಾಬಾಯಿ ಎಲ್ಲವನ್ನೂ ಹೇಳಿದರು. ಮದರಾಸು, ಮೈಸೂರು, ಖಾಕಿ ಚೀಲ, ಹತ್ತು ವರ್ಷದ ನಿಯಮ. ಅವನು ತಲೆ ತಗ್ಗಿಸಿ ಕೇಳಿದ. ಹೇಳುತ್ತ ಹೇಳುತ್ತ ಅವರಿಗೇ ತಮ್ಮ ಮಾತು ಕಟ್ಟುಕತೆಯ ಹಾಗೆ ಕೇಳಿಸಿತು. ಮುಗಿದ ಮೇಲೆ ಶೀನ, "ನನಗೆ ಅದೆಲ್ಲ ತಿಳಿಯುವುದಿಲ್ಲ" ಎಂದ. ಎದ್ದು ಕೈ ಮುಗಿದ. "ನಾನು ಬಸ್ಸು ಹತ್ತಿಸಬೇಕಿತ್ತು" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ರಸ್ತೆಗೆ ಇಳಿದ. ಬೈದಿದ್ದರೆ ಒಳ್ಳೆಯದಿತ್ತು ಎಂದು ಝೀಟಾಬಾಯಿ ಆಮೇಲೆ ಎಷ್ಟೋ ಸಲ ಗಂಡನ ಹತ್ತಿರ ಹೇಳಿದ್ದುಂಟು.

ಮರುದಿನವೇ ಗಂಡ ಹೆಂಡತಿ ಉಡುಪಿಗೆ ಹೋದರು. ನಿಧಿಯ ಆಫೀಸು ಒಂದು ಮಹಡಿಯ ಮೇಲೆ, ಕೆಳಗೆ ಪಾತ್ರೆ ಅಂಗಡಿ. ಕರುಣಾಕರ ಹೆಗ್ಡೆಯವರ ಮೇಜಿನ ಹಿಂದೆ ಗೋಡೆಯಲ್ಲಿ ಅದೇ ದೀಪ. ನಡೆದದ್ದನ್ನು ಮ್ಯಾಕ್ಸಿಮ್ ಹೇಳಿದ. ಹೆಗ್ಡೆಯವರು ಪೆನ್ನು ಕೆಳಗಿಟ್ಟರು.

"ನಾನು ಬರೆದಿದ್ದೆ" ಎಂದರು. "ಮತ್ತೆಯೂ ಬರೆದೆ. ಬೋರ್ಡು ತೆಗೆಯಲು ಅಪ್ಪಣೆ ಕೊಡುವ ಅಧಿಕಾರ ಯಾರಿಗೆ ಎಂಬುದೇ ಬೆಂಗಳೂರಿನಲ್ಲಿ ತೀರ್ಮಾನವಾಗಿಲ್ಲವಂತೆ. ಹಾಕಿಸುವ ಅಧಿಕಾರ ನನಗೆ ಉಂಟು. ತೆಗೆಸುವುದು ಇಲ್ಲ."

"ವೈದ್ಯರು, ವಾಹನ ಎಂಬ ಎರಡು ಮಾತಿಗೆ ಬಣ್ಣ ಹೊಡೆದರೆ ಆಗದಾ ಸ್ವಾಮಿ? ದೀಪ ಇರಲಿ" ಎಂದು ಝೀಟಾಬಾಯಿ ಕೇಳಿದರು.

"ಅಕ್ಷರ ತಿದ್ದುವುದೂ ಲಾಂಛನ ಕೆಡಿಸಿದ ಲೆಕ್ಕಕ್ಕೇ ಬರುತ್ತದೆ." ಅವರು ಒಂದು ಪುಸ್ತಕ ತೆಗೆದು ಪುಟ ತಿರುಗಿಸಿ ಓದಿ ಮುಚ್ಚಿದರು. "ಬೇರೆ ಒಂದು ಹಲಗೆ ಹಾಕಬಹುದು. ಆದರೆ ಆ ಗೋಡೆಯಲ್ಲಿ ಅಲ್ಲ. ಗೇಟಿನಲ್ಲಿ ಹಾಕಿಕೊಳ್ಳಿ. ಯಾರಾದರೂ ಕೇಳಿದರೆ ನಾನು ಹೇಳಿದೆ ಎನ್ನಿ."

ಅಷ್ಟು ಹೇಳಿದ್ದೇ ಅವರ ಮಟ್ಟಿಗೆ ದೊಡ್ಡ ಧೈರ್ಯ ಎಂದು ಮೆಟ್ಟಿಲಿಳಿಯುವಾಗ ಮ್ಯಾಕ್ಸಿಮ್ ಹೇಳಿದ. ಝೀಟಾಬಾಯಿ ಆಗಲೇ ಬಸ್ಸಿನ ಕಡೆ ನಡೆದಿದ್ದರು.

ಗೇಟಿನಲ್ಲಿ ಕಪ್ಪು ಹಲಗೆ ಬಂತು. 'ಇಲ್ಲಿ ಡಾಕ್ಟರು ಇಲ್ಲ, ಜೀಪು ಇಲ್ಲ. ಕಾರ್ಕಳಕ್ಕೆ ಹೋಗಿ' ಎಂದು ಮ್ಯಾಕ್ಸಿಮ್ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದ. ಓದು ಬಲ್ಲವರು ಓದಿ ಮುಂದೆ ಹೋದರು. ಆದರೆ ಓದು ಬಲ್ಲವರಿಗೆ ಅದನ್ನು ಹೇಳಬೇಕಾದ ಅಗತ್ಯವೇ ಅಷ್ಟಿರಲಿಲ್ಲ. ಓದು ಬಾರದವರಿಗೆ ಕಾಣುತ್ತಿದ್ದದ್ದು ಮೇಲಿನ ದೀಪ ಮಾತ್ರ. ಕಾಪುವಿನ ಕಡಲ ಬದಿಯಿಂದ, ಮಿಯ್ಯಾರಿನ ಆಚೆಯಿಂದ, ಎಲ್ಲೆಲ್ಲಿಂದಲೋ ಅವರು ಬರುತ್ತಿದ್ದರು. ಝೀಟಾಬಾಯಿ ಬೇರೆ ಊರಿನ ಹೆರಿಗೆಗಳಿಗೆ ಹೋಗುವುದನ್ನು ನಿಲ್ಲಿಸಿದರು. ತಾನಿಲ್ಲದಾಗ ಯಾರಾದರೂ ಬಂದು ಬಸ್ಸು ಬಿಟ್ಟುಬಿಟ್ಟರೆ ಎಂಬ ಹೆದರಿಕೆ. ಬಸ್ಸು ಬರುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ನಿಂತು, ಬಸುರಿಯರು ಇಳಿದರೆ ಮತ್ತೆ ಹತ್ತಿಸುತ್ತಿದ್ದರು. ಕೆಲವರು ಮಾತು ಕೇಳಿದರು. ಕೆಲವರು, ಹಣ ಇಲ್ಲ ಬಾಯಮ್ಮ, ಅಲ್ಲಿ ಕೇಳುತ್ತಾರೆ ಎಂದು ಅತ್ತರು. ಇಗರ್ಜಿಗೂ ಮೊದಲ ಪೂಜೆಗೆ ಹೋಗಿ ಓಡೋಡಿ ಬರುವುದು. ಹಿಂದೆ ಗಟ್ಟಿಯಾಗಿ ನಗುತ್ತಿದ್ದ ಹೆಂಗಸು, ಬಸ್ಸಿನ ಹಾರ್ನು ಕೇಳಿದರೆ ಎದೆ ಹಿಡಿದುಕೊಳ್ಳುವಂತಾದರು. ಎಷ್ಟೋ ಮಕ್ಕಳು ಆ ವರ್ಷಗಳಲ್ಲೂ ಅವರ ಕೈಯಲ್ಲಿ ಸುಖವಾಗಿ ಹುಟ್ಟಿದವು. ಆದರೆ ಕೇಳಿದರೆ ಅವರಿಗೆ ಅವು ನೆನಪಿಗೆ ಬರುತ್ತಿರಲಿಲ್ಲ.

ಮಗಳು ಲೊರ್ನಾಗೆ ಆಗ ಸಂತೆಕಟ್ಟೆಯ ಹತ್ತಿರದ ಶಾಲೆಯಲ್ಲಿ ಟೀಚರ ಕೆಲಸವಾಗಿತ್ತು. ರಜೆಯಲ್ಲಿ ಬಂದವಳು ಒಮ್ಮೆ, "ಅಮ್ಮಾ, ಕಿತ್ತು ಬಾವಿಗೆ ಹಾಕಿಬಿಡುವ. ಗಾಳಿಗೆ ಬಿತ್ತು ಎಂದರಾಯಿತು" ಎಂದಳು.

"ಪಾದ್ರಿಗಳ ಸಹಿ ಉಂಟು" ಎಂದರು ತಾಯಿ.

"ಅವರು ತೀರಿಕೊಂಡು ವರ್ಷವಾಯಿತಲ್ಲ."

"ಸತ್ತವರ ಸಹಿ ಎಂದು ಸುಳ್ಳು ಮಾಡುವುದಾ?"

ಲೊರ್ನಾ ಮತ್ತೆ ಆ ಮಾತು ಎತ್ತಲಿಲ್ಲ.

ಅರವತ್ತೊಂದರಲ್ಲಿಯೋ ಅರವತ್ತೆರಡರಲ್ಲಿಯೋ ನಿಧಿಯನ್ನು ಮುಚ್ಚಿ ಬೇರೊಂದು ಯೋಜನೆಗೆ ಸೇರಿಸಿದರು. ಹಳೆಯ ಲಾಂಛನ ಇನ್ನು ಎಲ್ಲಿಯೂ ಕಾಣಬಾರದು ಎಂದು ಆಜ್ಞೆಯಾಯಿತು. ಯಾರೂ ಹೇಳದೆ ಕೇಳದೆ ಒಂದು ಮಧ್ಯಾಹ್ನ ಲಾರಿ ಬಂದು ನಿಂತಿತು. ಅದರಲ್ಲಿ ಬೇರೆ ಊರುಗಳಿಂದ ಕಿತ್ತು ತಂದ ಬೋರ್ಡುಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಗುರುತಿಲ್ಲದ ಇಬ್ಬರು ಆಳುಗಳು ಗೋಡೆಯ ಮೊಳೆಗಳನ್ನು ಕಿತ್ತರು. ಗಾರೆಯೂ ಜೊತೆಗೆ ಬಂತು. ಮಂಚ, ಬೇಸಿನು, ಔಷಧಿಪೆಟ್ಟಿಗೆ ಕೂಡ ನಿಧಿಯ ಸೊತ್ತು ಎಂದು ಹೊತ್ತೊಯ್ದರು. ಪೊಲೀಸನೊಬ್ಬ ಜೊತೆಯಲ್ಲಿದ್ದ, ಕ್ರಮಕ್ಕಾಗಿ ಮಾತ್ರ. ರಸ್ತೆಯಲ್ಲಿ ಜನ ಸೇರಿ ನೋಡಿದರು.

ಝೀಟಾಬಾಯಿ ಅಂದು ರಾತ್ರಿಯ ಊಟ ಸರಿಯಾಗಿ ಮಾಡಿದರು ಎಂದು ಮ್ಯಾಕ್ಸಿಮ್ ಹೇಳುತ್ತಿದ್ದ. ಮರುದಿನ ಬಸ್ಸಿನ ಹೊತ್ತಿಗೆ ರಸ್ತೆಗೆ ಹೋಗಲಿಲ್ಲ. ಇನ್ನು ಮೊದಲಿನ ಹಾಗೆ, ತನ್ನನ್ನು ಬಲ್ಲವರು ಬರುತ್ತಾರೆ, ಕೈಲಾದದ್ದನ್ನು ಮಾಡುವುದು, ಆಗದ್ದನ್ನು ಹೇಳುವುದು ಎಂದುಕೊಂಡಿದ್ದರು.

ಯಾರೂ ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ನಂದಳಿಕೆಯಲ್ಲಿ ಅವರೇ ಹೆರಿಗೆ ಮಾಡಿಸಿದ್ದ ಹುಡುಗಿಯೊಬ್ಬಳಿಗೆ ಎರಡನೆಯದು ಹುಟ್ಟಿತೆಂದು ಸುದ್ದಿ ಬಂತು, ಅವರನ್ನು ಕರೆದಿರಲಿಲ್ಲ. ಕೊನೆಗೆ ಅಕ್ಕುವೇ, ಒಗೆಯಲು ಬಟ್ಟೆಯಿಲ್ಲದೆ ಬೆಂಚಿನಲ್ಲಿ ಕೂತವಳು, ಹೇಳಿದಳು.

"ಜನ ಎಂತ ಹೇಳ್ತಾರೆ ಗೊತ್ತುಂಟಾ ಬಾಯಮ್ಮ? ಪೊಲೀಸರು ಬಂದು ಬೋರ್ಡು ಕಿತ್ತರಂತೆ. ಮುಂಡ್ಕೂರಿನ ಹೆಂಗಸು ಸತ್ತದ್ದಕ್ಕೆ ಸರಕಾರ ಲೈಸೆನ್ಸು ತೆಗೆಯಿತಂತೆ. ಇನ್ನು ನೀವು ಮುಟ್ಟಬಾರದಂತೆ."

"ನನಗೆ ಲೈಸೆನ್ಸು ಎಂಬುದು ಇರಲೇ ಇಲ್ಲವಲ್ಲ ಅಕ್ಕು."

"ನಾನು ಹೇಳಿದೆ. ಮತ್ತೆ ಮೊದಲು ಬೋರ್ಡು ಹೇಗೆ ಇತ್ತು ಎಂದು ಕೇಳುತ್ತಾರೆ."

ಝೀಟಾಬಾಯಿ ಮನೆಮನೆಗೆ ಹೋಗಿ ವಿವರಿಸಬಹುದಿತ್ತು. ಹೋಗಲಿಲ್ಲ. ಶೀನನಿಗೆ ವಿವರಿಸಿದ ಮೇಲೆ ವಿವರಣೆಯ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಮ್ಯಾಕ್ಸಿಮ್‌ನ ಕೆಲಸವೂ ಕುಗ್ಗಿತ್ತು. ಲೊರ್ನಾ ಕರೆಯುತ್ತಲೇ ಇದ್ದಳು. ಮನೆಯನ್ನು ಮೈದುನನಿಗೆ ಬಿಟ್ಟು ಅವರು ಅಂಬಲಪಾಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಉಡುಪಿಯ ಒಂದು ಬಟ್ಟೆ ಅಂಗಡಿಯ ಜಗಲಿಯಲ್ಲಿ ಮ್ಯಾಕ್ಸಿಮ್‌ಗೆ ಹೊಲಿಗೆಗೆ ಜಾಗ ಸಿಕ್ಕಿತು. ಝೀಟಾಬಾಯಿ ಮಣಿಪಾಲದ ಗುಡ್ಡದ ಮೇಲೆ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದರು. ಹುಡುಗಿಯಾಗಿದ್ದಾಗ ಮಾಡಿದ ಕೆಲಸವೇ. ನೆಲ ಒರೆಸುವುದು, ಬೆಡ್‌ಪ್ಯಾನು ತೊಳೆಯುವುದು, ಬಿಸಿನೀರು ತರುವುದು. ಹೆರಿಗೆಯ ಕೋಣೆಯ ಒಳಗೆ ನರ್ಸುಗಳು, ಡಾಕ್ಟರುಗಳು. ಆಯಾಗಳು ಹೊರಗೆ. ಕೆಳಗಿನಿಂದ ಗುಡ್ಡಕ್ಕೆ ಹತ್ತುವ ಬಸ್ಸಿನಲ್ಲಿ ಬೆಳಿಗ್ಗೆ ಬಂದು ಸಂಜೆ ಇಳಿಯುತ್ತಿದ್ದರು. ತಾನು ಹೆರಿಗೆ ಮಾಡಿಸುತ್ತಿದ್ದೆ ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ, ಮತ್ತೆ ಯಾಕೆ ಬಿಟ್ಟದ್ದು ಎಂಬ ಮುಂದಿನ ಪ್ರಶ್ನೆ ಬರುತ್ತದೆ.

ಒಂದು ದಿನ ವಾರ್ಡಿನಲ್ಲಿ ಪೆರ್ಡೂರಿನ ಕಡೆಯ ಎಳೆಯ ಬಸುರಿಯೊಬ್ಬಳಿಗೆ ನೋವು ಜೋರಾಯಿತು. ಮೊದಲನೆಯ ಹೆರಿಗೆ, ಜೊತೆಗೆ ಬಂದ ಅತ್ತೆ ಊಟಕ್ಕೆ ಹೋಗಿದ್ದರು. ಝೀಟಾಬಾಯಿ ಮಂಚದ ಕೆಳಗೆ ಒರೆಸುತ್ತಿದ್ದರು. ಹುಡುಗಿ ಕೈಚಾಚಿ, ಸಿಕ್ಕಿದ ಅವರ ಮಣಿಕಟ್ಟನ್ನು ಹಿಡಿದುಕೊಂಡಳು. ಝೀಟಾಬಾಯಿ ಒರೆಸುವ ಬಟ್ಟೆಯನ್ನು ಬಕೀಟಿಗೆ ಹಾಕಿ ಅವಳ ಪಕ್ಕ ನಿಂತರು.

ನರ್ಸು ಬಂದು ನೋಡಿ, ಇಲ್ಲಿಯೇ ಆಗಿಬಿಡುತ್ತದೆ ಎಂದು ಅವಸರದಲ್ಲಿ ಪರದೆ ಎಳೆಯತೊಡಗಿದಳು. "ಆಯಾ, ನೀವು ಹೊರಗೆ ಹೋಗಿ" ಎಂದಳು.

"ಹೋಗುತ್ತೇನೆ ಸಿಸ್ಟರ್" ಎಂದರು ಝೀಟಾಬಾಯಿ. ಕೈ ಬಿಡಿಸಿಕೊಳ್ಳಲು ನೋಡಿದರು. ಹುಡುಗಿ ಬಿಡಲಿಲ್ಲ, ಉಗುರು ಊರುವ ಹಾಗೆ ಇನ್ನೂ ಬಿಗಿಯಾಗಿ ಹಿಡಿದಳು. ನರ್ಸು ಒಮ್ಮೆ ಆ ಕೈಗಳನ್ನು ನೋಡಿದಳು, ಒಮ್ಮೆ ಬಾಗಿಲಿನ ಕಡೆ ನೋಡಿದಳು. ಆಮೇಲೆ ಅವರನ್ನು ಒಳಗೇ ಬಿಟ್ಟು ಪರದೆಯನ್ನು ಪೂರ್ತಿ ಎಳೆದಳು.